ಪ್ರೆಸ್ಸು ಎತ್ತಿದ ಭುಜ

ನೂರು ಟನ್ನಿನ ಪ್ರೆಸ್ ಯಂತ್ರವನ್ನು ದುಂಡಪ್ಪ ತನ್ನ ಎಡಭುಜದ ಮೇಲೆ ಎತ್ತಿ ಹಿಡಿದದ್ದು ಬರೋಬ್ಬರಿ ಮೂರು ನಿಮಿಷ. ಬಲಗೈ ಹೇಗೂ ಖಾಲಿ ಇತ್ತಲ್ಲ, ಅದರಿಂದ ನೀಲವ್ವನನ್ನು ಹೂವೆತ್ತಿದ ಹಾಗೆ ಈಚೆಗೆ ಎಳೆದುಕೊಂಡ. ಆಮೇಲೂ ಯಂತ್ರವನ್ನು ಧೊಪ್ಪನೆ ಬಿಡಲಿಲ್ಲ. ಕೆಳಗಿನ ಅಚ್ಚು ಒಡೆದೀತೆಂದು, ಕೂಸನ್ನು ತೊಟ್ಟಿಲಿಗೆ ಹಾಕುವವರ ಹಾಗೆ ಮೆಲ್ಲಗೆ ಇಳಿಸಿದ. ಅಷ್ಟರಲ್ಲಿ ಅವನ ಕಾಲಡಿಯ ಸಿಮೆಂಟು ನೆಲ ಮೊಣಕಾಲುದ್ದ ಕುಸಿದು ಹೋಗಿತ್ತು. ಹೋಗಿ ನೋಡೋಣವೆಂದರೆ ಕಾರ್ಖಾನೆಯ ಗಲಗಲಿ ಸಾಹುಕಾರ ಆ ಎರಡು ಹೆಜ್ಜೆಗುಳಿಗಳನ್ನು ಮರುದಿನವೇ ಮುಚ್ಚಿಸಿಬಿಟ್ಟಿದ್ದಾನೆ.

ಹುಬ್ಬಳ್ಳಿಯ ಹೊರಗಿನ ಕೈಗಾರಿಕಾ ಎಸ್ಟೇಟಿನ ಚಹಾದಂಗಡಿಯಲ್ಲಿ ಈ ಕಥೆ ಮೊದಲ ಸಲ ಹುಟ್ಟಿದಾಗ ಯಂತ್ರದ ತೂಕ ನಲವತ್ತು ಟನ್ ಇತ್ತು, ನೆಲ ಗಟ್ಟಿಯಾಗಿಯೇ ಇತ್ತು. ಎರಡನೆಯ ವಾರಕ್ಕೆ ಅರವತ್ತಾಯಿತು. ಮೂರನೆಯ ವಾರ ಯಾರೋ, "ಅಲ್ಲೋ ದುಂಡಪ್ಪಾ, ಅರವತ್ತು ಟನ್ ಅಂದ್ರ ಹತ್ತು ಆನಿ ಆದ್ವಲ್ಲೋ" ಎಂದು ನಕ್ಕರು. ದುಂಡಪ್ಪ ಬಸಿಯ ಚಹಾ ಊದುತ್ತ, "ಆನಿ ಆಗಿದ್ರ ಅವನ್ನ ಕಿರುಬೆರಳಿನಾಗ ಎತ್ತತಿದ್ದೆ ತಮ್ಮಾ, ಆನಿ ಮೆತ್ತಗ ಇರತಾವ. ಇದು ಕಬ್ಬಿಣ" ಎಂದ. ಅವತ್ತೇ ತೂಕ ನೂರಕ್ಕೆ ಏರಿತು.

ಅವನ ಹೆಂಡತಿ ಪಾರವ್ವನಿಗೆ ಇದಕ್ಕೊಂದು ಲೆಕ್ಕ ಗೊತ್ತಿತ್ತು. ಗಂಡ ಏನು ಹೇಳಿದರೂ ಅದನ್ನು ಹತ್ತರಿಂದ ಭಾಗಿಸುತ್ತಿದ್ದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಆ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ. ಆದರೆ ಈ ಸಲ ಹತ್ತರಿಂದ ಭಾಗಿಸಿದರೂ ಹತ್ತು ಟನ್ ಉಳಿಯುತ್ತಿತ್ತು. ಅದೇ ಅವಳಿಗೆ ಬಗೆಹರಿಯದ ಮಾತಾಗಿತ್ತು.

ಯಾರೂ ಅಲ್ಲಗಳೆಯಲಾಗದ ಸಂಗತಿ ಇಷ್ಟು. ಗಲಗಲಿ ಸಾಹುಕಾರನ ಕಾರ್ಖಾನೆಯಲ್ಲಿ ನೀರೆತ್ತುವ ಪಂಪುಗಳ ಉಕ್ಕಿನ ಮುಚ್ಚಳ ಮಾಡುತ್ತಾರೆ. ಉಕ್ಕಿನ ಬಿಲ್ಲೆಯನ್ನು ಅಚ್ಚಿನ ಮೇಲಿಟ್ಟರೆ ಮೇಲಿನಿಂದ ಗುದ್ದು ಎನ್ನುವ ಆಳೆತ್ತರದ ಉಕ್ಕಿನ ದಿಮ್ಮಿ ಇಳಿದು ಅದನ್ನು ಮುಚ್ಚಳವಾಗಿ ಒತ್ತುತ್ತದೆ. ಗುದ್ದು ಇಳಿಯಬೇಕಾದರೆ ಎಡಕ್ಕೊಂದು, ಬಲಕ್ಕೊಂದು ಇರುವ ಎರಡು ಹಸಿರು ಗುಂಡಿಗಳನ್ನು ಒಟ್ಟಿಗೇ ಒತ್ತಬೇಕು. ಎರಡೂ ಕೈ ಗುಂಡಿಯ ಮೇಲಿದ್ದರೆ ಗುದ್ದಿನ ಕೆಳಗೆ ಕೈ ಇರಲು ಸಾಧ್ಯವಿಲ್ಲವಲ್ಲ, ಅದಕ್ಕೆ.

ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಯಿತು. ದುಂಡಪ್ಪ ಎದ್ದ, ನೀಲವ್ವ ಕೂತಳು. ಹತ್ತನೆಯ ಮುಚ್ಚಳವೋ ಹನ್ನೊಂದನೆಯದೋ ಅಚ್ಚಿನಲ್ಲಿ ಕಚ್ಚಿಕೊಂಡಿತು. ಆರು ವರ್ಷದ ರೂಢಿಯಂತೆ ಬಲಗೈಯನ್ನು ಬಲಗುಂಡಿಯ ಮೇಲೇ ಊರಿಕೊಂಡು, ಎಡಗೈ ಚಾಚಿ ಅದನ್ನು ಕೀಳಲು ಹೋದಳು. ಒಂದೇ ಗುಂಡಿ ಒತ್ತಿದರೆ ಯಂತ್ರ ಅಲ್ಲಾಡುವುದಿಲ್ಲವೆಂಬುದು ಅವಳಿಗೆ ಉಸಿರಾಟದಷ್ಟೇ ಖಾತ್ರಿಯಿತ್ತು.

ಗುದ್ದು ಇಳಿಯಿತು.

ಒಣ ಕಬ್ಬನ್ನು ಗಾಣದ ಬಾಯಿಗೆ ಕೊಟ್ಟಾಗ ಆಗುವಂಥ ಸದ್ದು. ನಾಲ್ಕು ಬೆರಳು, ಅವುಗಳ ಬುಡದ ಮೂಳೆ, ಅಂಗೈಯ ಅರ್ಧ, ಎಲ್ಲವೂ ಕಾಗದದಷ್ಟು ತೆಳುವಾಗಿ ಉಕ್ಕಿಗೆ ಅಂಟಿಕೊಂಡವು. ರಕ್ತ ಮೊದಲು ಬರಲಿಲ್ಲ, ಗುದ್ದೇ ಅದನ್ನು ಅದುಮಿ ಹಿಡಿದಿತ್ತು. ಆಮೇಲೆ ಅಚ್ಚಿನ ಅಂಚಿನಿಂದ ಸುತ್ತಲೂ ಚಿಮ್ಮಿ ಹಸಿರು ಗುಂಡಿಗಳನ್ನೂ, ದೀಪವನ್ನೂ, ಗೋಡೆಯ ಮೇಲಿನ 'ಸುರಕ್ಷತೆಯೇ ಮೊದಲು' ಎಂಬ ಹಲಗೆಯನ್ನೂ ತೋಯಿಸಿತು. ಕಚ್ಚಿಕೊಂಡ ಗುದ್ದು ತಾನಾಗಿ ಮೇಲೇಳುವಂಥದ್ದಲ್ಲ. ಯಂತ್ರದ ಬಲಬದಿಗೆ ಕೈಗೆಟಕುವಷ್ಟರಲ್ಲಿ ಒಂದು ಕೆಂಪು ಹಿಡಿಕೆಯಿದೆ, ಅದನ್ನು ಕೆಳಕ್ಕೆ ಎಳೆಯಬೇಕು. ಎಣ್ಣೆ ಕಾಣದೆ ತುಕ್ಕು ಹಿಡಿದ ಆ ಹಿಡಿಕೆಗೆ ಇಬ್ಬರು ಗಂಡಸರು ಜೋತುಬಿದ್ದರೆ ಮಾತ್ರ ಕದಲುತ್ತಿತ್ತು.

ಚೀರಾಟ ಕೇಳಿ ಹೊರಗಿನಿಂದ ಜನ ಓಡಿಬರುವಷ್ಟರಲ್ಲಿ ಗುದ್ದು ಮೇಲಿತ್ತು. ನೀಲವ್ವ ಎಚ್ಚರ ತಪ್ಪಿ ದುಂಡಪ್ಪನ ತೊಡೆಯ ಮೇಲಿದ್ದಳು. ಅವನ ಅಂಗಿಯಲ್ಲಿ ಒಂದು ಗೇಣೂ ಬಿಳಿ ಉಳಿದಿರಲಿಲ್ಲ.

"ಯಾರಪಾ ಎತ್ತಿದವ್ರು?" ಎಂದು ಯಾರೋ ಕೇಳಿದರು.

ದುಂಡಪ್ಪ ಬಾಯಿ ತೆರೆದ. "ನಾ" ಎಂಬ ಮಾತು ಹೊರಗೆ ಬಂತು.

ಹಿಂದಿನ ಕಾಲದಲ್ಲಾಗಿದ್ದರೆ ಇಂಥದಕ್ಕೆ ಒಂದಿಷ್ಟು ಪರಿಹಾರ ಬಿಸಾಕಿ ಕೈ ತೊಳೆದುಕೊಳ್ಳುತ್ತಿದ್ದರು. ಮರುನೋವು ಕಾಯ್ದೆ ಬಂದಮೇಲೆ ಆ ದಾರಿ ಮುಚ್ಚಿದೆ. ಅಪಾಯದ ಕೆಲಸ ಮಾಡುವ ಪ್ರತಿಯೊಬ್ಬರೂ ಕತ್ತಿನ ಹಿಂದೆ, ಬೆನ್ನುಹುರಿ ಶುರುವಾಗುವಲ್ಲಿ, ಎರಡು ಬೆರಳಗಲದ ನರಪಟ್ಟಿ ತೊಡುತ್ತಾರೆ. ಮೆದುಳಿಗೆ ಹೋಗುವ, ಬರುವ ಸಂದೇಶಗಳನ್ನು ಅದು ಬರೆದುಕೊಳ್ಳುತ್ತ, ಅರ್ಧ ಗಂಟೆ ಹಳೆಯದಾದದ್ದನ್ನು ಅಳಿಸುತ್ತ ಹೋಗುತ್ತದೆ. ಪೆಟ್ಟು ಬಿದ್ದರೆ ಅಳಿಸುವುದನ್ನು ನಿಲ್ಲಿಸಿ, ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವವರೆಗಿನದನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಯಾರ ಅಲಕ್ಷ್ಯದಿಂದ ಪೆಟ್ಟಾಯಿತೋ ಅವರನ್ನು ನ್ಯಾಯಾಲಯದ ಕುರ್ಚಿಯಲ್ಲಿ ಕೂರಿಸಿ ಆ ದಾಖಲೆಯನ್ನು ಅವರ ನರಗಳಲ್ಲಿ ಹರಿಸುತ್ತಾರೆ. ತಪ್ಪು ಹಲವರದಾಗಿದ್ದರೆ ಹೊತ್ತನ್ನು ಪಾಲು ಮಾಡುತ್ತಾರೆ. ನೀಲವ್ವನ ನೋವು ಒಟ್ಟು ನಲವತ್ತೊಂದು ನಿಮಿಷದ್ದು.

ಇನ್ನೊಂದು ಮಾತಿತ್ತು. ತಪ್ಪಿತಸ್ಥರು ಗಾಯಾಳುವಿಗೆ ಹೊಸ ಅಂಗ ಬೆಳೆಸಿ ಕೊಡಬೇಕು. ನೀಲವ್ವನ ಜೀವಕೋಶಗಳಿಂದಲೇ ಬೆಳೆದ ಕೈ ಆಸ್ಪತ್ರೆಯ ತೊಟ್ಟಿಯೊಂದರಲ್ಲಿ ಆಗಲೇ ಉಗುರು ಮೂಡಿಸಿಕೊಂಡು ತೇಲುತ್ತಿತ್ತು. ಗಾಯದ ನರಗಳು ಸತ್ತುಹೋಗುವ ಮುನ್ನ, ತೊಂಬತ್ತು ದಿನದೊಳಗೆ ಅದನ್ನು ಕೂಡಿಸಬೇಕು. ತಪ್ಪು ಅವಳದೇ ಎಂದು ತೀರ್ಮಾನವಾದರೆ ತೊಟ್ಟಿಯನ್ನು ಖಾಲಿ ಮಾಡುತ್ತಾರೆ.

ಸಾಹುಕಾರನ ವಕೀಲರು ಹಿಡಿದಿದ್ದು ಅದನ್ನೇ. ಎಡಗುಂಡಿಯ ಅಂಚಿನಲ್ಲಿ ಏನನ್ನೋ ತುರುಕಿದ ಗೀರು ಇದೆ. ಗುಂಡಿ ಒತ್ತಿದಂತೆಯೇ ಇರಲೆಂದು ಯಾರೋ ಬೆಣೆ ಕೊಟ್ಟಿದ್ದಾರೆ. ಯಂತ್ರದ ಮುಂದೆ ಕೂತವಳು ನೀಲವ್ವ. ಹಾಗಾದರೆ ಬೆಣೆ ಅವಳದೇ.

ಎಂಬತ್ತೊಂದನೆಯ ದಿನ ಬೆಳಗ್ಗೆ ಸೂಪರ್‌ವೈಜರ್ ಮಲ್ಹಾರಿ ದುಂಡಪ್ಪನ ಮನೆಗೆ ಬಂದ. ಪಾರವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮಲ್ಹಾರಿ ಕೂರಲಿಲ್ಲ, ನೀರನ್ನೂ ಮುಟ್ಟಲಿಲ್ಲ.

"ನಾಳಿ ಸಾಕ್ಷಿ ಹೇಳಾಂವ ನೀ ಒಬ್ಬನ ಅದಿ" ಎಂದ. "ಅಕಿ ದಿನಾ ಬೆಣಿ ಹಾಕತಿದ್ಲು, ನಾ ಕಣ್ಣಾರೆ ನೋಡೀನಿ ಅನ್ನು. ಮುಗೀತು."

"ಅಕಿ ಹಾಕಿಲ್ರಿ."

"ಹಾಕಿಲ್ಲ ಅಂತ ನನಗೂ ಗೊತ್ತೈತಿ." ಮಲ್ಹಾರಿ ಹತ್ತಿರ ಬಂದ. "ಹುಣಸಿ ಬೀಜ ಯಾರ ಕಿಸೇದಾಗ ಇರತಾವ ಅನ್ನೂದೂ ಗೊತ್ತೈತಿ. ತಾಸಿಗೆ ಸಾವಿರ ಮುಚ್ಚಳ ಒತ್ತತೀನಿ ಅಂತ ಎದಿ ಬಡಕೊಂಡಾಂವ ಯಾರು? ನಾ ನೋಡಿನೂ ಸುಮ್ನಿದ್ದೆ, ಮಾಲು ಹೋಗಬೇಕಿತ್ತು. ನೀ ಬಾಯಿ ಬಿಟ್ಟರ ನೀನೂ ಕುರ್ಚಿಗೆ, ನಾನೂ ಕುರ್ಚಿಗೆ. ಅಕಿ ಮ್ಯಾಲ ಹಾಕಿದರ ಇಬ್ಬರೂ ಮನಿಗೆ."

ದುಂಡಪ್ಪ ಕಿಸೆಯ ಮೇಲೆ ಕೈ ಇಟ್ಟುಕೊಂಡ. ಹೌದು, ಬೀಜ ಅವನದೇ. ಎರಡೂ ಗುಂಡಿ ಒತ್ತುತ್ತ ಕೂತರೆ ತಾಸಿಗೆ ಆರುನೂರು ಮುಚ್ಚಳವಾದರೆ ಹೆಚ್ಚು. ಸಾಹುಕಾರ ಗೋಡೆಗೆ ಬರೆಸಿದ್ದು ಒಂಬೈನೂರು. ಎಡಗುಂಡಿಯ ಸಂದಿಗೆ ಒಂದು ಹುಣಸೆ ಬೀಜ ತುರುಕಿದರೆ ಅದು ಒತ್ತಿದಂತೆಯೇ ನಿಲ್ಲುತ್ತದೆ, ಎಡಗೈ ಬಿಲ್ಲೆ ಇಡಲು ಬಿಡುವಾಗುತ್ತದೆ. ಇಡೀ ಕಾರ್ಖಾನೆಗೆ ಈ ವಿದ್ಯೆ ಕಲಿಸಿದವನು ದುಂಡಪ್ಪ. ಕಲಿಯದೆ ಉಳಿದವಳು ನೀಲವ್ವ ಒಬ್ಬಳು. "ನನಗ ಬ್ಯಾಡಣ್ಣಾ, ಅಂಜಿಕಿ ಬರತೈತಿ" ಅಂದಿದ್ದಳು. ಪಾಳಿ ಮುಗಿದಾಗ ಬೀಜ ತೆಗೆದು ಕಿಸೆಗೆ ಹಾಕಿಕೊಂಡು ಏಳಬೇಕು, ಅದು ಅಲ್ಲಿಯ ಕಟ್ಟಳೆ. ಅವತ್ತು ಸಾವಿರದ ನಾಲ್ಕು ಒತ್ತಿದ ಖುಷಿಯಲ್ಲಿ, ಯಾರಿಗೆ ಮೊದಲು ಹೇಳಲಿ ಎಂದು ಹುಡುಕುತ್ತ ಎದ್ದವನಿಗೆ ಬೀಜದ ನೆನಪೇ ಆಗಲಿಲ್ಲ.

ಆದರೂ ಅವನು ತಲೆಯಲ್ಲಾಡಿಸಿದ. "ಗುಂಡಿ ತಾನ ಸಿಕ್ಕೊಂಡಿತ್ತು, ಯಂತ್ರ ಹಳೇದು ಅಂತ ಹೇಳತೀನ್ರಿ. ನಿಮಗೂ ಚಿಂತಿಲ್ಲ, ನನಗೂ ಚಿಂತಿಲ್ಲ, ಅಕಿಗೆ ಕೈ ಬರತೈತಿ."

"ಸಾಹುಕಾರ್ರು ಕುರ್ಚ್ಯಾಗ ಕೂಡಬೇಕೇನಲೇ?"

ಮಲ್ಹಾರಿ ಅವನ ಕತ್ತು ಹಿಡಿದು ಮುಖವನ್ನು ರುಬ್ಬುವ ಕಲ್ಲಿಗೆ ಕುಕ್ಕಿದ. ಒಮ್ಮೆ ಕುಕ್ಕಿದಾಗ ತುಟಿ ಸೀಳಿತು. ಎರಡನೆಯ ಸಲ ಮುಂದಿನ ಹಲ್ಲೊಂದು ಮುರಿದು ಕಲ್ಲಿನ ಕುಳಿಯೊಳಗೆ ಬಿದ್ದು ಟಿಕ್ಕೆಂದಿತು. ಮೂರನೆಯ ಸಲಕ್ಕೆ ಮೂಗಿನೊಳಗೆ ಏನೋ ಒಡೆದು ಬಾಯಿ ತುಂಬ ಬಿಸಿ ಉಪ್ಪು ತುಂಬಿಕೊಂಡಿತು. ಅವನ ತಲೆಗೂದಲಿಗೇ ತನ್ನ ಕೈ ಒರೆಸಿಕೊಂಡು ಮಲ್ಹಾರಿ ಹೋದ.

ಚಹಾದಂಗಡಿಗೆ ಆ ಸುದ್ದಿ ತಲುಪುವಾಗ ಎಂಟು ಮಂದಿ ಬಂದಿದ್ದರು, ನಾಲ್ವರ ಕೈಯಲ್ಲಿ ಕತ್ತಿಯಿತ್ತು, ಆರು ಮಂದಿ ಈಗ ಆಸ್ಪತ್ರೆಯಲ್ಲಿದ್ದರು, ಉಳಿದಿಬ್ಬರು ಊರು ಬಿಟ್ಟಿದ್ದರು.

"ಎಂಟು ಮಂದಿ ಅಂದ್ರ ಒಬ್ಬ" ಎಂದಳು ಪಾರವ್ವ, ಅವನ ತುಟಿಗೆ ಅರಿಶಿನ ಮೆತ್ತುತ್ತ. "ಆಸ್ಪತ್ರಿ ಅಂದ್ರ ಅಂವ ನಡಕೋತ ಹೋದ. ಅಷ್ಟು ತಿಳೀತು ನನಗ. ಇದು ಮಾತ್ರ ತಿಳೀಲಿಲ್ಲ." ಸೆರಗಿನ ಗಂಟು ಬಿಚ್ಚಿ ಮೂರು ಹುಣಸೆ ಬೀಜಗಳನ್ನು ಅವನ ಮುಂದೆ ಇಟ್ಟಳು. "ನಿಮ್ಮ ಚೊಣ್ಣದ ಕಿಸೇದಾಗ ದಿನಾ ಸಿಗತಾವ. ಯಾಕ ರೀ?"

"ಹಲ್ಲು ಗಟ್ಟಿ ಆಗತಾವ, ಜಗೀತಿರತೀನಿ."

"ಹೌದು, ಈಗ ನೋಡಿದೆನಲ್ಲ ಎಷ್ಟು ಗಟ್ಟಿ ಅದಾವ ಅಂತ."

ಅಷ್ಟರಲ್ಲಿ ನೀಲವ್ವ ಬಾಚಣಿಗೆ ಹಿಡಿದು ಬಂದಳು. ಪಕ್ಕದ ಓಣಿಯವಳು. ಒಂದೇ ಕೈಯಲ್ಲಿ ಹೆರಳು ಹಾಕಿಕೊಳ್ಳಲಾಗದು, ಅದಕ್ಕೇ ದಿನಾ ಪಾರವ್ವನ ಮುಂದೆ ಬಂದು ಕೂರುತ್ತಿದ್ದಳು. ಎಡಗೈಯ ಬ್ಯಾಂಡೇಜಿನಿಂದ ಹೆಬ್ಬೆರಳು ಒಂದೇ ಹೊರಗೆ ನಿಂತಿತ್ತು, ಅದು ಆಗಾಗ ತಾನಾಗಿ ಅದುರುತ್ತಿತ್ತು. ಪಾರವ್ವ ಬೀಜಗಳನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಹೆರಳು ಹಾಕತೊಡಗಿದಳು.

"ಅಣ್ಣಾ, ಮಾರಿ ಏನಾತೋ?" ನೀಲವ್ವ ಗಾಬರಿಯಾದಳು. "ನನ್ನ ಸಲುವಾಗಿ ಹೊಡಸ್ಕೊಂಡೇನು? ನೀ ಆವತ್ತು ಎತ್ತದಿದ್ದರ ನಾ ಅಲ್ಲೇ ಹೋಗತಿದ್ದೆ. ನನಗರ ಏನೂ ನೆನಪಿಲ್ಲ. ಗುದ್ದು ಬಿದ್ದದ್ದಷ್ಟ ನೆನಪು. ಈಗಲೂ ಮಕ್ಕೊಂಡ್ರ ಬೆರಳು ಉರೀತಾವ, ನೋಡಿದ್ರ ಬೆರಳ ಇಲ್ಲ."

ದುಂಡಪ್ಪ ಏನೋ ದೊಡ್ಡದೊಂದು ಹೇಳಲು ಬಾಯಿ ತೆರೆದ. ಮುರಿದ ಹಲ್ಲಿನ ಸಂದಿಗೆ ಗಾಳಿ ತಾಗಿ ಜುಮ್ಮೆಂದಿತು. ಎದ್ದು ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿದ.

ಸಾಕ್ಷಿ ಹೇಳುವವರು ಮೊದಲು ಒಂದು ಮರುನೋವನ್ನು ಕಣ್ಣಾರೆ ನೋಡಬೇಕೆಂದು ಕಾಯ್ದೆಯಲ್ಲೇ ಬರೆದಿದೆ. ಅವತ್ತೇ ಮಧ್ಯಾಹ್ನ ನೀಲವ್ವನ ವಕೀಲೆ ಜುಬೇದಾ ಮುಲ್ಲಾ ದುಂಡಪ್ಪನನ್ನು ನ್ಯಾಯಾಲಯದ ನೆಲಮಾಳಿಗೆಗೆ ಕರೆದುಕೊಂಡು ಹೋದಳು. ಗಾಜಿನ ಈಚೆಗೆ ಯಂತ್ರಗಳ ಕೋಣೆ, ಆಚೆಗೆ ಕುರ್ಚಿ. ಯಂತ್ರಗಳ ಮುಂದೆ ಡಾಕ್ಟರ್ ಫ್ಲೇವಿಯಾ ಕೂತಿದ್ದರು. ನರಪಟ್ಟಿಗಳನ್ನು ತೆರೆದು, ಮೊದಲು ತಾವೇ ಮಂದವಾಗಿ ಅನುಭವಿಸಿ, ಇಂಥಲ್ಲಿ ಇಂಥದಾಯಿತು ಎಂದು ಪ್ರಮಾಣ ಮಾಡಿ ಹೇಳುವ ಪರೀಕ್ಷಕಿ ಅವರು. ಮಂಗಳೂರು ಕಡೆಯವರು. ನೋವನ್ನು ಹತ್ತನೇ ಒಂದು ಪಾಲಿಗೆ ಇಳಿಸಿಕೊಂಡೇ ನೋಡುತ್ತಿದ್ದರಂತೆ. ಆದರೂ ಅವರ ಕಣ್ಣಸುತ್ತ ಕಪ್ಪು ಕಟ್ಟಿತ್ತು.

ಕುರ್ಚಿಯಲ್ಲಿದ್ದವನು ಒಬ್ಬ ಗುತ್ತಿಗೆದಾರ. ಸಾರವೆಗೆ ಕೊಳೆತ ಬಿದಿರು ಕಟ್ಟಿಸಿದ್ದ. ಗಾರೆ ಕೆಲಸದವನೊಬ್ಬ ನಾಲ್ಕನೆಯ ಮಹಡಿಯಿಂದ ಕೆಳಗಿನ ಕಬ್ಬಿಣದ ಸರಳುಗಳ ಮೇಲೆ ಬಿದ್ದಿದ್ದ. ಗುತ್ತಿಗೆದಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಫ್ಲೇವಿಯಾ ಒಂದು ಕೀಲಿ ತಿರುಗಿಸಿದರು.

ಅವನ ದೇಹ ಕುರ್ಚಿಯಿಂದ ಬಿಲ್ಲಿನಂತೆ ಮೇಲೆದ್ದಿತು. ಹೊಟ್ಟೆಯಲ್ಲಿ ಸರಳೇನೂ ಇರಲಿಲ್ಲ, ಆದರೂ ಎರಡೂ ಕೈ ಅಲ್ಲಿಗೆ ಓಡಿ, ಇಲ್ಲದ ಸರಳನ್ನು ಹಿಡಿದು ಕೀಳತೊಡಗಿದವು. ಅಂಗಿಯ ಗುಂಡಿಗಳು ಕಿತ್ತು ಹಾರಿದವು. ಬಾಯಿಯ ರಬ್ಬರನ್ನು ಕಚ್ಚಿ ಎರಡು ತುಂಡು ಮಾಡಿ ಉಗಿದ. ಆಮೇಲೆ ಬಂದ ದನಿ ಮನುಷ್ಯನದೋ, ಕೊಯ್ಯುವಾಗ ಪ್ರಾಣಿ ಮಾಡುವುದೋ ದುಂಡಪ್ಪನಿಗೆ ತಿಳಿಯಲಿಲ್ಲ. ಒಂಬತ್ತು ನಿಮಿಷ. ಉಚ್ಚೆ ಕುರ್ಚಿಯಿಂದ ಇಳಿದು ಗಾಜಿನ ತನಕ ಹರಿದು ಬಂತು. ಎಲ್ಲ ಮುಗಿದಾಗ ಅವನ ಮೈಮೇಲೆ ಒಂದೇ ಒಂದು ಗಾಯವಿರಲಿಲ್ಲ. ತನ್ನದೇ ಉಗುರಿನ ಗೀರು ಬಿಟ್ಟರೆ ಒಂದು ಹನಿ ರಕ್ತವೂ ಇರಲಿಲ್ಲ. ಅದನ್ನು ನೋಡಿಯೇ ದುಂಡಪ್ಪ ಗಾಜಿನಿಂದ ಹಿಂದೆ ಸರಿದ.

"ನೀಲವ್ವಂದು ಎಷ್ಟು ಕೆಟ್ಟದು ಇದಕ್ಕಿಂತ?" ಎಂದು ಮೆತ್ತಗೆ ಕೇಳಿದ.

ಫ್ಲೇವಿಯಾ ತಿರುಗಿ ನೋಡಿದರು. "ಅವರದನ್ನು ನಾನು ಒಂದೇ ಸಲಕ್ಕೆ ನೋಡಲಿಕ್ಕೆ ಆಗಲಿಲ್ಲ. ಮೂರು ಕಂತು ಮಾಡಿಕೊಂಡೆ. ಎಡಗೈಯ ನೋವು ಎಷ್ಟಿದೆ ಅಂದರೆ ಅದರಡಿ ಬೇರೆ ಯಾವುದೂ ಕಾಣುವುದಿಲ್ಲ. ಬಲಗಡೆ ಏನೋ ಒಂದಿದೆ. ಬರೇ ಸೆಳೆತವಾ ಏನು ಅಂತ ಗೊತ್ತಾಗಲಿಲ್ಲ."

ಮೆಟ್ಟಿಲು ಹತ್ತುವಾಗ ಜುಬೇದಾ ಅವನ ಬೆನ್ನು ತಟ್ಟಿದಳು. "ದುಂಡಪ್ಪಣ್ಣಾ, ನಿಮ್ಮ ನೋವೂ ಅರ್ಜ್ಯಾಗ ಸೇರಿಸೀನಿ. ಜೀವ ಉಳಿಸ್ಲಿಕ್ಕೆ ಹೋಗಿ ಪೆಟ್ಟು ತಿಂದವರ ನೋವೂ ತಪ್ಪಿತಸ್ಥರ ಪಾಲಿಗೆ ಬರತದ. ನೂರು ಟನ್ ಹೊತ್ತ ಭುಜ ಅಂದ್ರ ಸಣ್ಣದೇನು? ನಾಳೆ ನಿಮ್ಮ ಪಟ್ಟಿ ತೆರಸ್ತೀನಿ."

ದುಂಡಪ್ಪನ ಕಾಲು ಮೆಟ್ಟಿಲ ಮೇಲೇ ನಿಂತಿತು. "ನನ್ನ ಪಟ್ಟಿ? ಅದು ಅಕೀ ಪಟ್ಟಿ ಅಷ್ಟ ಅಲ್ಲೇನ್ರಿ ಬರಕೊಳ್ಳೂದು?"

"ಒಬ್ಬರಿಗೆ ಪೆಟ್ಟಾದರ ನೂರು ಹೆಜ್ಜಿ ಒಳಗಿನ ಎಲ್ಲಾ ಪಟ್ಟೀನೂ ಅಳಸೂದು ನಿಲ್ಲಸ್ತಾವ. ಅವತ್ತ ನಿಮ್ಮಿಂದ ತಗೊಂಡ್ರಲ್ಲ, ಮೊಹರು ಮಾಡಿ ಇಟ್ಟಾರ."

"ನಂದು ಕೆಟ್ಟಿತ್ರಿ. ಎರಡು ಸಲ ಬಾವ್ಯಾಗ ಬಿದ್ದಿತ್ತು. ಮೂರು ಸಲ."

ಜುಬೇದಾ ನಕ್ಕಳು. ಇಷ್ಟು ದೊಡ್ಡ ಕೆಲಸ ಮಾಡಿಯೂ ಸಂಕೋಚ ನೋಡು ಈ ಮನುಷ್ಯನಿಗೆ ಎಂದುಕೊಂಡಿರಬೇಕು.

ಮರುದಿನ ನ್ಯಾಯಾಲಯ ಕಿಕ್ಕಿರಿದಿತ್ತು. ಚಹಾದಂಗಡಿಯ ಮಂದಿಯೆಲ್ಲ ಬಂದಿದ್ದರು. ಮುಂದಿನ ಸಾಲಿನಲ್ಲಿ ಗಲಗಲಿ ಸಾಹುಕಾರ ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಿದ್ದ, ಅವನ ಹಿಂದೆ ಮಲ್ಹಾರಿ. ಇನ್ನೊಂದು ಬದಿಗೆ ನೀಲವ್ವ, ಪಕ್ಕದಲ್ಲಿ ಪಾರವ್ವ. ಹೆರಳಿಗೆ ಅಂದು ಪಾರವ್ವ ಮಲ್ಲಿಗೆ ಮುಡಿಸಿದ್ದಳು.

ದುಂಡಪ್ಪ ಕಟಕಟೆ ಏರಿದಾಗ ಮೊದಲು ನಾಲಿಗೆ ಒಣಗಿತ್ತು. ಅಷ್ಟು ಜನ ಕಿವಿ ನಿಮಿರಿಸಿ ಕೂತಿದ್ದನ್ನು ಕಂಡಮೇಲೆ ತಾನಾಗಿ ಪಸೆಯಾಡಿತು. ಗುಂಡಿ ತಾನೇ ಸಿಕ್ಕಿಕೊಂಡಿತ್ತೆಂದ. ಅದನ್ನು ರಿಪೇರಿ ಮಾಡಿಸಿರೆಂದು ತಾನು ನಾನೂರು ಸಲ ಹೇಳಿದ್ದೆನೆಂದ. ಯಂತ್ರ ಎತ್ತಿದ ಕಥೆಗೆ ಬಂದಾಗ ತಡೆಯಲಾಗದೆ ಇನ್ನೂ ಇಪ್ಪತ್ತು ಟನ್ ಸೇರಿಸಿದ. ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ನ್ಯಾಯಾಧೀಶ ತೊರಗಲ್ಲಮಠರು ಕನ್ನಡಕದ ಮೇಲಿಂದ ನೋಡಿ, "ಪಟ್ಟಿ ತೆರೀರಿ" ಎಂದರು.

ಡಾಕ್ಟರ್ ಫ್ಲೇವಿಯಾ ತಲೆಗೆ ತಂತಿಯ ಟೊಪ್ಪಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ನಿಮಿಷ ಕಳೆಯಿತು, ಇನ್ನೊಂದು ಕಳೆಯಿತು. ಅವರ ಮುಖದಲ್ಲಿ ನೋವಿನ ಗೆರೆಯೊಂದೂ ಮೂಡಲಿಲ್ಲ.

"ಎಡಭುಜದಲ್ಲಿ ಏನೂ ಇಲ್ಲ" ಎಂದರು. "ಬಲಭುಜದಲ್ಲೂ ಇಲ್ಲ. ಬೆನ್ನಿನಲ್ಲೂ ಇಲ್ಲ. ಪಟ್ಟಿ ಸರಿಯಾಗಿಯೇ ಇದೆ. ಅಂಗೈಯಲ್ಲಿ ತಣ್ಣೀರು, ಸಾಬೂನು. ಆಮೇಲೆ ಮೊಣಕಾಲು ಗಡಗಡ ನಡುಕ. ಆಮೇಲೆ ಓಟ."

ಹಿಂದೆ ಯಾರೋ ಕಿಸಕ್ಕೆಂದರು.

"ಇನ್ನೂ ಹಿಂದಕ್ಕೆ ಹೋಗ್ತೇನೆ." ಫ್ಲೇವಿಯಾ ಬೆರಳಾಡಿಸಿದರು. "ಪಾಳಿ ಮುಗಿಯುವ ಮೊದಲು. ಬಲಗೈ ಹೆಬ್ಬೆರಳ ತುದಿ. ಸಣ್ಣದೊಂದು ವಸ್ತು. ನುಣುಪು, ಗಟ್ಟಿ, ಒಂದು ಮಗ್ಗುಲು ಚಪ್ಪಟೆ. ಸಡಿಲಾಗಿತ್ತೋ ಏನೋ, ಅದನ್ನು ಸಂದಿಗೆ ಮತ್ತೆ ಒತ್ತುತ್ತಿದ್ದಾರೆ. ಹೋಯ್ತು ಒಳಗೆ." ಕಣ್ಣು ತೆರೆದು ಅವನನ್ನೇ ನೋಡಿದರು. "ಓಡಿ ಬಂದಮೇಲೆ ಮತ್ತೆ ಅದೇ ವಸ್ತು. ಉಗುರಿನಿಂದ ಕೀಳುತ್ತಿದ್ದಾರೆ. ಉಗುರು ಮುರಿದಿದೆ. ಇಡೀ ದಾಖಲೆಯಲ್ಲಿ ನೋವು ಅಂತ ಇರುವುದು ಅದೊಂದೇ. ಏನದು ದುಂಡಪ್ಪನವರೇ?"

ಸಾಹುಕಾರನ ವಕೀಲ ಚಂಗನೆ ಎದ್ದು, "ಸ್ವಾಮಿ, ಇದನ್ನು ಆಕೆಯೇ ಇವನ ಕೈಲಿ ಹಾಕಿಸಿರಬಹುದು!" ಎಂದ. ನೀಲವ್ವ ಏನೂ ತಿಳಿಯದೆ ಒಬ್ಬೊಬ್ಬರ ಮುಖ ನೋಡುತ್ತಿದ್ದಳು. ಬ್ಯಾಂಡೇಜಿನ ಹೆಬ್ಬೆರಳು ಅದುರುತ್ತಿತ್ತು. ಕೈ ಕೂಡಿಸಲು ಇನ್ನು ಎಂಟು ದಿನ ಉಳಿದಿತ್ತು.

ದುಂಡಪ್ಪನ ತಲೆಯಲ್ಲಿ ಒಂದಲ್ಲ, ಹನ್ನೆರಡು ಕಥೆಗಳು ಸಿದ್ಧವಾಗಿ ಸಾಲಾಗಿ ನಿಂತಿದ್ದವು. ಅದು ಮಾತ್ರೆ, ಅದು ಸುಪಾರಿ, ಅದು ಗುಂಡಿ ರಿಪೇರಿ ಮಾಡಲು ತಾನೇ ಕಂಡುಹಿಡಿದ ಉಪಾಯ. ಒಂದೊಂದೂ ಹಿಂದಿನ ಸಾಲಿನವರ ಚಪ್ಪಾಳೆ ಗಿಟ್ಟಿಸುವಂಥದೇ. ಅಷ್ಟರಲ್ಲಿ ಪಾರವ್ವ ಎದ್ದು ನಿಂತಳು. ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತಳು ಅಷ್ಟೆ.

"ಹುಣಸಿ ಬೀಜ ರೀ" ಎಂದ ದುಂಡಪ್ಪ. "ನಂದು. ನಾನ ಹಾಕಿದ್ದು. ಅಕಿಗೆ ಗೊತ್ತಿಲ್ಲ. ಪಾಳಿ ಮುಗದಾಗ ತಗೀಬೇಕಿತ್ತು, ಮರತೆ."

"ಗುಂಡಿ ಕೆಟ್ಟಿತ್ತು, ನಾನೂರು ಸಲ ಹೇಳಿದ್ದೆ ಅಂದ್ರಿ?" ಎಂದು ನ್ಯಾಯಾಧೀಶರು ಕೇಳಿದರು.

"ಕೆಟ್ಟಿರಲಿಲ್ರಿ. ಒಂದು ಸಲಾನೂ ಹೇಳಿಲ್ಲ. ತಾಸಿಗೆ ಒಂಬೈನೂರು ಒತ್ತಬೇಕು ಅಂತ ಗ್ವಾಡಿಗೆ ಬರಸಿದ್ರು. ಬೀಜ ಇಲ್ಲದ ಆಗಾಂಗಿಲ್ಲ. ಮಲ್ಹಾರಿ ಸಾಹೇಬ್ರು ನೋಡಿದ್ರು. ನಾನಽ ಎಲ್ಲಾರಿಗೂ ಕಲಿಸಿದ್ದು. ಅಕಿ ಒಬ್ಬಾಕಿ ಒಲ್ಲೆ ಅಂದಿದ್ಲು."

ಮಲ್ಹಾರಿ ಕಟಕಟೆಯತ್ತ ನುಗ್ಗಿದ. ಇಬ್ಬರು ಪೊಲೀಸರು ಅವನನ್ನು ನೆಲಕ್ಕೆ ಕೆಡವಿದರು. ಅವನ ಹಣೆ ಬೆಂಚಿನ ಅಂಚಿಗೆ ಬಡಿದು ರಕ್ತ ಹುಬ್ಬಿನ ಮೇಲಿಂದ ಇಳಿಯಿತು. "ನಿನ್ನ ನಾಲಗಿ ಕೀಳತೀನಲೇ!" ಎಂದು ಕೂಗುತ್ತಲೇ ಇದ್ದ, ಒಬ್ಬ ಪೊಲೀಸ್ ಬೂಟುಗಾಲನ್ನು ಅವನ ಕತ್ತಿನ ಮೇಲಿಡುವವರೆಗೆ.

ನ್ಯಾಯಾಧೀಶರು ಬಹಳ ಹೊತ್ತು ಬರೆದರು. ಆಮೇಲೆ ಓದಿದರು. ನೀಲವ್ವನ ತಪ್ಪು ಏನೂ ಇಲ್ಲ. ಕೈಯನ್ನು ನಾಳೆಯೇ ಕೂಡಿಸತಕ್ಕದ್ದು. ಆಗದ ಲೆಕ್ಕ ಬರೆಸಿ, ಹಿಡಿಕೆಗೆ ಎಣ್ಣೆ ಕಾಣಿಸದೆ, ಗುಂಡಿಯನ್ನು ಒಮ್ಮೆಯೂ ತಪಾಸಣೆ ಮಾಡಿಸದ ಸಾಹುಕಾರನಿಗೆ ಇಪ್ಪತ್ತೈದು ನಿಮಿಷ. ಕಂಡೂ ಕಾಣದಂತಿದ್ದ ಮಲ್ಹಾರಿಗೆ ಎಂಟು. ದುಂಡಪ್ಪನಿಗೆ ಎಂಟು. ಸಾಹುಕಾರ ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡ.

ನೀಲವ್ವ ಮಾತ್ರ ಕೂತಲ್ಲಿಂದ ಎದ್ದಿರಲಿಲ್ಲ. ಕೈ ಸಿಕ್ಕಿದ್ದನ್ನು ಕೇಳಿಸಿಕೊಂಡಂತೆಯೇ ಕಾಣಲಿಲ್ಲ.

"ಅಣ್ಣಾ" ಎಂದಳು. "ನಿನ್ನ ಭುಜದಾಗ ಏನೂ ಇಲ್ಲ ಅಂತಾರ. ಹಂಗಾರ ನನ್ನ ಎತ್ತಿದಾಂವ ಯಾರು?"

ಫ್ಲೇವಿಯಾ ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟರು. "ಭಾರ ಎಳೆದ ಭುಜ ಒಂದಿದೆ" ಎಂದು ನೀಲವ್ವನತ್ತ ನೋಡಿ ನಿಧಾನವಾಗಿ ಹೇಳಿದರು. "ನಾನು ಅದನ್ನು ಸೆಳೆತ ಅಂದುಕೊಂಡಿದ್ದೆ. ಅದಿರುವುದು ನಿಮ್ಮ ಪಟ್ಟಿಯಲ್ಲಿ. ಬಲಗಡೆ."

ನ್ಯಾಯಾಧೀಶರು ದುಂಡಪ್ಪನತ್ತ ತಿರುಗಿದರು. "ನೀವು ನೋಡಿದ್ದನ್ನ ಹೇಳ್ರಿ. ಹೆಚ್ಚಲ್ಲ, ಕಡಿಮಿ ಅಲ್ಲ."

"ಅಕಿನಽ ರೀ" ಎಂದ ದುಂಡಪ್ಪ. ಅವನ ದನಿ ಹಿಂದಿನ ಸಾಲಿಗೆ ಕೇಳಿಸಲಿಲ್ಲ; ಜೋರಾಗಿ ಹೇಳೋ ಎಂದು ಯಾರೂ ಕೂಗಲೂ ಇಲ್ಲ. "ಎಡಗೈ ಒಳಗ ಸಿಕ್ಕೊಂಡಿತ್ತು. ಬಲಗೈಲೆ ಕೆಂಪು ಹಿಡಿಕಿ ಹಿಡದ್ಲು. ಒಂದು ಸಲ ಎಳದ್ಲು, ಬರಲಿಲ್ಲ. ಎರಡನೇ ಸಲ ಯಂತ್ರಕ್ಕ ಕಾಲು ಕೊಟ್ಟು ಎಳದ್ಲು. ಗುದ್ದು ಎದ್ದಿತು. ಕೈ ತಾನ ಕಿತ್ತಗೊಂಡ್ಲು, ಆಮ್ಯಾಲ ಬಿದ್ಲು. ನಾ ನಳದ ಹತ್ತರ ನಿಂತಿದ್ದೆ."

"ಎಷ್ಟು ದೂರ?"

"ಇಪ್ಪತ್ತೆರಡು ಹೆಜ್ಜಿ. ಆಮ್ಯಾಲ ಹೋಗಿ ಎಣಿಸೀನಿ."

ಪಾರವ್ವನ ತುಟಿ ರೂಢಿಯಂತೆ ಅಲ್ಲಾಡಿತು, ಅರ್ಧಕ್ಕೇ ನಿಂತಿತು. ಭಾಗಿಸಲು ಅಲ್ಲಿ ಏನೂ ಇರಲಿಲ್ಲ.

ನೀಲವ್ವ ಬ್ಯಾಂಡೇಜಿನ ಕೈಯನ್ನು ಮೆಲ್ಲಗೆ ತನ್ನ ಬಲಭುಜದ ಮೇಲೆ ಇಟ್ಟುಕೊಂಡಳು. ಹಾಗೆ ಇಟ್ಟುಕೊಂಡೇ ಕೇಳಿದಳು, "ನಾ ಬಿದ್ದಮ್ಯಾಲರ ಓಡಿ ಬಂದೆಲ್ಲ, ಅಣ್ಣಾ?"

"ಓಡಿ ಬಂದೆ, ನೀಲವ್ವಾ. ಗುಂಡಿ ಕಡೆ ಓಡಿ ಬಂದೆ. ಮೊದಲ ಬೀಜ ತಗದೆ. ನಿನ್ನ ಆಮ್ಯಾಲ ಮುಟ್ಟಿದೆ."